ಪದಚರ್ಚೆ: ‘ರೀಜನಲ್ ಕೌನ್ಸಿಲ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ನ್ಯೂಜಿಲೆಂಡಿನ ವೈಕಾಟೊ ಪ್ರದೇಶಕ್ಕೆ ಹೊಸದಾಗಿ ಬಂದು ನೆಲೆಸುವ ಕನ್ನಡ ಕುಟುಂಬಗಳಿಗಾಗಿ ನಾಲ್ಕು ಪುಟದ ಕರಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಮೊದಲ ಪುಟದ ಮೊದಲ ಸಾಲಿನಲ್ಲೇ ‘ರೀಜನಲ್ ಕೌನ್ಸಿಲ್’ ಎಂದಿದ್ದು, ಅಲ್ಲಿಯೇ ಸಿಕ್ಕಿಕೊಂಡಿದ್ದೇನೆ.

ಅಲ್ಲಿ ಎರಡು ಬಗೆಯ ಚುನಾಯಿತ ಸಂಸ್ಥೆಗಳು ಒಂದೇ ನೆಲದ ಮೇಲೆ ಕೆಲಸ ಮಾಡುತ್ತವೆ. ನಲ್ಲಿ ನೀರು, ಒಳಚರಂಡಿ, ಕಸ, ಊರೊಳಗಿನ ರಸ್ತೆ ಮತ್ತು ಗ್ರಂಥಾಲಯ ಸಿಟಿ ಅಥವಾ ಡಿಸ್ಟ್ರಿಕ್ಟ್ ಕೌನ್ಸಿಲಿನ ಹೊಣೆ. ನದಿ, ಸರೋವರಗಳ ನೀರಿನ ಗುಣಮಟ್ಟ, ಗಾಳಿ, ಮಣ್ಣಿನ ಸವಕಳಿ, ಪ್ರವಾಹ ತಡೆಯುವ ಒಡ್ಡುಗಳು, ಹಾನಿಕಾರಕ ಪ್ರಾಣಿ ಮತ್ತು ಕಳೆಗಳ ಹತೋಟಿ, ಇವುಗಳ ಜೊತೆಗೆ ಬಸ್ಸುಗಳು ಕೂಡ ರೀಜನಲ್ ಕೌನ್ಸಿಲಿನ ಹೊಣೆ. ಅಂದರೆ, ಬಸ್ಸು ಬರಲಿಲ್ಲವೆಂಬ ದೂರೂ, ಹೈನುದನಗಳ ಕೊಟ್ಟಿಗೆಯಿಂದ ಗಂಜಲ ಬೆರೆತ ನೀರು ತೊರೆಗೆ ಹರಿಯುತ್ತಿದೆಯೆಂಬ ದೂರೂ ಹೋಗಬೇಕಾದುದು ಒಂದೇ ಕಚೇರಿಗೆ. ಓದಿದವರು ಈ ಎರಡು ಸಂಸ್ಥೆಗಳನ್ನು ಕಲಸಿಕೊಳ್ಳಬಾರದು. ‘ಪ್ರಾದೇಶಿಕ ಮಂಡಳಿ’, ‘ವಲಯ ಪರಿಷತ್ತು’, ‘ಪ್ರಾಂತೀಯ ಸಭೆ’ ಈ ಮೂರರಲ್ಲಿ ಯಾವುದು ಸರಿ? ನದಿಗೆ ಮಳೆನೀರು ಹರಿದು ಬರುವ ಪ್ರದೇಶವನ್ನು ಸದ್ಯಕ್ಕೆ ‘ಅಚ್ಚುಕಟ್ಟು’ ಎಂದು ಬರೆದುಕೊಂಡಿದ್ದೇನೆ. ಅದನ್ನೂ ನೋಡಿ ಹೇಳಬೇಕಾಗಿ ವಿನಂತಿ.

ಮಾರುತ್ತರ 1

ಮೂರೂ ಬೇಡ. ಮೂರರಲ್ಲಿ ಒಂದೂ ಕನ್ನಡವಲ್ಲ. ಬೆಳ್ವೊಲ ಮುನ್ನೂರು, ಬನವಾಸಿ ಪನ್ನಿರ್ಚಾಸಿರ (ಹನ್ನೆರಡು ಸಾವಿರ) ಎಂದು ನೆಲವನ್ನು ನಾಡು ನಾಡಾಗಿ ಎಣಿಸಿ ಆಳಿದವರ ನುಡಿಗೆ ‘ಪ್ರದೇಶ’ದ ಹಂಗು ಏಕೆ ಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ‘ಕೂಡು’ ಎಂಬ ಧಾತುವಿನಿಂದ ಬಂದ ‘ಕೂಟ’ ನಮ್ಮಲ್ಲಿದೆ. ‘ನಾಡಕೂಟ’ ಎಂದು ಬರೆಯಿರಿ, ಮುಗಿಯಿತು.

ಮಾರುತ್ತರ 2

ಮುಗಿಯಲಿಲ್ಲ. ಹೊರದೇಶದ ಕನ್ನಡಿಗರಿಗೆ ‘ಕೂಟ’ವೆಂದರೆ ಯುಗಾದಿ ಊಟ ಮತ್ತು ರಾಜ್ಯೋತ್ಸವದ ನಾಟಕ. ನದಿ ಕೆಟ್ಟಿದೆಯೆಂದು ನಾಡಕೂಟಕ್ಕೆ ದೂರು ಕೊಡಿ ಎಂದರೆ ಅವರು ಕನ್ನಡ ಕೂಟದ ಕಾರ್ಯದರ್ಶಿಗೆ ಫೋನ್ ಮಾಡುತ್ತಾರೆ. ‘ನಾಡು’ ಕೂಡ ಈಗ ನಿಂತಲ್ಲಿ ನಿಲ್ಲುವ ಪದವಲ್ಲ. ‘ಕರುನಾಡು’ ಎಂದಾಗ ಇಡೀ ರಾಜ್ಯ, ‘ನಾಡಕಚೇರಿ’ ಎಂದಾಗ ಒಂದು ಹೋಬಳಿ.

ಮಾರುತ್ತರ 3

ಮಾನ್ಯರೇ,

ಆಡಳಿತ ಪತ್ರಗಳನ್ನು ಅನುವಾದಿಸುವುದೇ ನನ್ನ ದಿನನಿತ್ಯದ ಕೆಲಸವಾದ್ದರಿಂದ, ಪದ ಯಾವ ಮೂಲದ್ದು ಎನ್ನುವುದಕ್ಕಿಂತ ಅದು ಈಗಾಗಲೇ ಯಾರ ಸ್ವತ್ತಾಗಿದೆ ಎಂಬುದನ್ನು ಮೊದಲು ನೋಡುತ್ತೇನೆ. ‘ಪ್ರಾಂತ್ಯ’ವನ್ನು ಬಿಟ್ಟುಬಿಡಿ, ಏಕೆಂದರೆ ನ್ಯೂಜಿಲೆಂಡಿನಲ್ಲಿ 1853ರಿಂದ 1876ರವರೆಗೆ ನಿಜವಾಗಿಯೂ ಪ್ರಾಂತ್ಯಗಳಿದ್ದವು, ಅವಕ್ಕೆ ತಮ್ಮದೇ ಸಭೆಗಳೂ ಇದ್ದವು, ಮುಂದೆ ಯಾರಾದರೂ ಆ ಇತಿಹಾಸವನ್ನು ಕನ್ನಡದಲ್ಲಿ ಬರೆಯುವಾಗ ಆ ಪದ ಅವರಿಗೆ ಬೇಕಾಗುತ್ತದೆ. ‘ವಲಯ’ ಎಂದೊಡನೆ ವಲಯ ಅರಣ್ಯಾಧಿಕಾರಿಯೂ ರೈಲ್ವೆ ವಲಯವೂ ನೆನಪಾಗುತ್ತವೆ. ಅದು ಮೇಲಿನ ಕಚೇರಿ ತನ್ನ ಅನುಕೂಲಕ್ಕೆ ಕತ್ತರಿಸಿಕೊಂಡ ತುಂಡು. ರೀಜನಲ್ ಕೌನ್ಸಿಲುಗಳ ಗಡಿಗಳಾದರೋ ಹಾಗೆ ಕತ್ತರಿಸಿದವಲ್ಲ. 1989ರ ಪುನರ್ವಿಂಗಡಣೆಯಲ್ಲಿ ಬಹುಮಟ್ಟಿಗೆ ನೀರು ಹರಿಯುವ ದಿಕ್ಕನ್ನು ನೋಡಿಕೊಂಡು ಎಳೆದವು. ಒಂದು ನದಿಯ ಮೇಲ್ಭಾಗದಲ್ಲಿ ಗೊಬ್ಬರ ಸುರಿಯುವವರೂ ಕೆಳಭಾಗದಲ್ಲಿ ಈಜುವವರೂ ಆದಷ್ಟು ಒಂದೇ ಸಂಸ್ಥೆಯ ಕೈಕೆಳಗೆ ಬರಲಿ ಎಂಬ ವಿವೇಕ ಅದರ ಹಿಂದಿದೆ. 425 ಕಿಲೋಮೀಟರು ಹರಿಯುವ ವೈಕಾಟೊ ನದಿಯ ಹೆಸರೇ ಆ ಪ್ರದೇಶಕ್ಕೂ ಇದೆ.

ಇನ್ನು ‘ಮಂಡಳಿ’. ಜಲಮಂಡಳಿ, ಗೃಹಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ, ಇವೆಲ್ಲ ಸರ್ಕಾರ ನೇಮಿಸುವಂಥವು. ಆದರೆ ರೀಜನಲ್ ಕೌನ್ಸಿಲಿನ ಸದಸ್ಯರನ್ನು ಮೂರು ವರ್ಷಕ್ಕೊಮ್ಮೆ ಜನ ಆರಿಸುತ್ತಾರೆ, ಆರಿಸಿ ಬಂದವರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿಕೊಳ್ಳುತ್ತಾರೆ. (ಅಲ್ಲಿ ಮೇಯರ್ ಇಲ್ಲ, ಕರಪತ್ರದಲ್ಲಿ ಆ ತಪ್ಪು ನುಸುಳದಿರಲಿ.) ಮಂಡಳಿ ಎಂದರೆ ಓದುಗರಿಗೆ ತಮಗೆ ಅಲ್ಲೊಂದು ಮತವಿದೆಯೆಂಬುದೇ ತಿಳಿಯುವುದಿಲ್ಲ. ಕರ್ನಾಟಕದ 1987ರ ಜಿಲ್ಲಾ ಪರಿಷತ್ತುಗಳನ್ನು ನೆನಪಿಟ್ಟುಕೊಂಡಿರುವವರಿಗೆ ‘ಪರಿಷತ್ತು’ ಮತ ಹಾಕಿ ಕಟ್ಟಿದ ಸಂಸ್ಥೆ. ಆದ್ದರಿಂದ ‘ಪ್ರಾದೇಶಿಕ ಪರಿಷತ್ತು’ ಎನ್ನಿ, ಪಕ್ಕದಲ್ಲಿ ‘ನಗರಸಭೆ’ ಎನ್ನಿ. ಒಂದು ಪರಿಷತ್ತು, ಒಂದು ಸಭೆ, ಕಲಸಿಹೋಗುವ ಭಯವಿರುವುದಿಲ್ಲ.

‘ಅಚ್ಚುಕಟ್ಟು’ ಮಾತ್ರ ಪೂರಾ ತಲೆಕೆಳಗಾಗಿದೆ. ಕೆರೆಯಿಂದಲೋ ಕಾಲುವೆಯಿಂದಲೋ ನೀರು ಹರಿದು ಹೋಗಿ ತೋಯಿಸುವ ಗದ್ದೆಬಯಲು ಅಚ್ಚುಕಟ್ಟು. ಮಳೆನೀರು ಇಳಿದು ಬಂದು ಕೆರೆಯನ್ನೋ ನದಿಯನ್ನೋ ಸೇರುವ ಇಳಿಜಾರು ಜಲಾನಯನ ಪ್ರದೇಶ. ಏರಿಯ ಮೇಲೆ ನಿಂತ ರೈತನಿಗೆ ಒಂದು ಬೆನ್ನ ಹಿಂದಿರುತ್ತದೆ, ಇನ್ನೊಂದು ಕಣ್ಣ ಮುಂದಿರುತ್ತದೆ. ನೀವು ಬರೆದುಕೊಂಡಂತೆ ಅಚ್ಚಾದರೆ, ನದಿಯ ಮಾಲಿನ್ಯಕ್ಕೆ ಅದರ ನೀರು ಕುಡಿದ ಹೊಲವೇ ಕಾರಣವೆಂದಂತಾಗುತ್ತದೆ.

ಮಾರುತ್ತರ 4

‘ಪರಿಷತ್ತು’ ಎಂದರೆ ‘ಪರಿ’ ಮತ್ತು ‘ಸದ್’, ಸುತ್ತ ಕುಳಿತವರು. ಸಂಸ್ಕೃತದಿಂದ ತಂದರೆ ಪದ, ಇಂಗ್ಲಿಷಿನಿಂದ ತಂದರೆ ಕಸ ಎಂಬ ಹಳೆಯ ಮಡಿಯನ್ನು ಇನ್ನೂ ಎಷ್ಟು ಕಾಲ ಉಡುತ್ತೀರಿ? ಅದೇ ವೈಕಾಟೊದ ಸಂಸ್ಥೆಗೆ ಅಲ್ಲಿನ ಮೂಲನಿವಾಸಿಗಳ ನುಡಿಯಾದ ಮಾವೊರಿಯಲ್ಲಿರುವ ಹೆಸರನ್ನು ನೋಡಿ: ‘ತೆ ಕೌನಿಹೆರಾ ಆ ರೋಹೆ ಒ ವೈಕಾಟೊ’. ‘ಕೌನಿಹೆರಾ’ ಎಂಬುದು ಕೌನ್ಸಿಲ್ ಎಂಬ ಪದವೇ, ಅವರ ನಾಲಿಗೆಗೆ ಒಗ್ಗಿದ ರೂಪದಲ್ಲಿ. ತಮ್ಮ ನುಡಿಯನ್ನು ಅಳಿವಿನಿಂದ ಮೇಲೆತ್ತಲು ಇಷ್ಟು ಹೆಣಗಿದವರಿಗೆ ಇಲ್ಲದ ಮೈಲಿಗೆ ನಮಗೇಕೆ? ‘ಕೌನ್ಸಿಲ್’ ಎಂದೇ ಇರಲಿ. ‘ರೋಹೆ’ಗೆ ಗಡಿ ಎಂಬ ಅರ್ಥವೂ ಇದೆ, ಗಡಿಯೊಳಗಿನ ನೆಲ ಎಂಬ ಅರ್ಥವೂ ಇದೆ, ನಮ್ಮ ‘ಸೀಮೆ’ಗೂ ಹಾಗೆಯೇ. ‘ಸೀಮೆ ಕೌನ್ಸಿಲ್’ ಎನ್ನಬಹುದಲ್ಲ?

ಮಾರುತ್ತರ 5 (ಮೊದಲ ಮಾರುತ್ತರ ಬರೆದವರಿಂದ)

ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಈಗ ಸೀಮೆ ಕೌನ್ಸಿಲ್. ಪರದೇಶದ ಸರಕಿಗೆ ತಕ್ಕ ಹೆಸರೇ ಆಯಿತು. ‘ಸೀಮಾ’ ಕೂಡ ಸಂಸ್ಕೃತವೇ ಎಂಬುದನ್ನು ಮಡಿಯ ಪಾಠ ಹೇಳುವವರು ಮರೆತಂತಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ನಮಸ್ಕಾರ. ‘ಅಚ್ಚುಕಟ್ಟ’ನ್ನು ತೆಗೆದು ‘ಜಲಾನಯನ ಪ್ರದೇಶ’ ಎಂದು ತಿದ್ದಿದ್ದೇನೆ. ಅದನ್ನು ತೋರಿಸಿಕೊಟ್ಟವರಿಗೆ ವಿಶೇಷವಾಗಿ ಋಣಿ. ಮುಖ್ಯ ಪದದ ಮಟ್ಟಿಗೆ, ಓದುಗರು ಬಸ್ಸಿನ ಮೇಲೂ ಮನೆಗೆ ಬರುವ ತೆರಿಗೆ ಚೀಟಿಯ ಮೇಲೂ ಕಾಣುವುದು ಇಂಗ್ಲಿಷ್ ಹೆಸರನ್ನೇ ಆದ್ದರಿಂದ, ಅದರ ಸದ್ದು ಕರಪತ್ರದಲ್ಲಿ ಒಮ್ಮೆಯಾದರೂ ಕೇಳಬೇಕು ಎನಿಸಿತು. ಮೊದಲ ಸಾಲು ಈಗ ಹೀಗಿದೆ: “ನದಿ, ಗಾಳಿ, ಪ್ರವಾಹ ಮತ್ತು ಬಸ್ಸಿನ ವಿಷಯಗಳಿಗೆ ಪ್ರಾದೇಶಿಕ ಪರಿಷತ್ತನ್ನು, ಅಂದರೆ ರೀಜನಲ್ ಕೌನ್ಸಿಲನ್ನು, ಸಂಪರ್ಕಿಸಿ, ನಲ್ಲಿ ನೀರು ಮತ್ತು ಕಸಕ್ಕೆ ನಗರಸಭೆಯನ್ನು ಸಂಪರ್ಕಿಸಿ.” ಮುಂದಿನ ಪುಟಗಳಲ್ಲಿ ಬರಿಯ ‘ಪರಿಷತ್ತು’ ಎಂದಿಟ್ಟಿದ್ದೇನೆ.

ಮಾರುತ್ತರ 6 (ಮೊದಲ ಮಾರುತ್ತರ ಬರೆದವರಿಂದ)

ಬರಿಯ ‘ಪರಿಷತ್ತು’ ಎಂದರೆ ಕನ್ನಡಿಗರಿಗೆ ಸಾಹಿತ್ಯ ಪರಿಷತ್ತು. ಬಸ್ಸಿನ ದೂರುಗಳು ಅಲ್ಲಿಗೇ ಹೋಗಲಿ.