ಅಪ್‌ಡೇಟ್: ಡಿಕ್ಕಿಯಾದ ಕಾಯಗಳೆಲ್ಲ ಒಂದಾಗುತ್ತವಾ?

ರೀಬೌಂಡ್‌ನಲ್ಲಿ (ಗುರುತ್ವದಿಂದ ಕಾಯಗಳು ಹೇಗೆ ಚಲಿಸುತ್ತವೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಮಂಗಳ ಗ್ರಹದಷ್ಟು ದೊಡ್ಡ ಕಾಯಗಳನ್ನು ಸೂರ್ಯನ ಸುತ್ತ ಓಡಿಸಿದರೆ ಡಿಕ್ಕಿಯಾದ ಪ್ರತಿ ಜೋಡಿಯೂ ಸೀದಾ ಒಂದೇ ಉಂಡೆ ಆಗಿಬಿಡುತ್ತದೆ, ಇದನ್ನು ನಂಬಬಹುದಾ ಅಂತ ಕೇಳಿದ್ದೆನಲ್ಲ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಪ್ರತಿ ಡಿಕ್ಕಿಯ ವೇಗ, ಕೋನ ಎರಡನ್ನೂ ಫೈಲಿಗೆ ಬರೆಸಿ ನೋಡಿದೆ. ಮಂಗಳದಷ್ಟೇ ಇರುವ ಎರಡು ಕಾಯಗಳಿಗೆ ವಿಮೋಚನಾ ವೇಗ (ಒಂದರ ಗುರುತ್ವದಿಂದ ಇನ್ನೊಂದು ಬಿಡಿಸಿಕೊಂಡು ಹೋಗಲು ಬೇಕಾದ ವೇಗ) ಸೆಕೆಂಡಿಗೆ ಸುಮಾರು 5 ಕಿ.ಮೀ. ಅದಕ್ಕಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಓರೆಯಾಗಿ ಬಡಿದರೆ ಸಾಕು, ಎರಡೂ ಉಜ್ಜಿಕೊಂಡು ತಮ್ಮ ಪಾಡಿಗೆ ಮುಂದೆ ಹೋಗುತ್ತವೆ. 45 ಡಿಗ್ರಿ ಆಸುಪಾಸಿನ ಡಿಕ್ಕಿಗಳೇ ಜಾಸ್ತಿ ಅಲ್ವಾ, ಹಾಗಾಗಿ ಇದೇನೂ ಅಪರೂಪವಲ್ಲ.

ಈಗ ಡಿಕ್ಕಿಯಾದ ಕಾಯಗಳು ಒಂದಾಗುತ್ತವಾ, ಉಜ್ಜಿಕೊಂಡು ಹೋಗುತ್ತವಾ, ಚೂರಾಗುತ್ತವಾ ಅಂತ ಹೇಳುವ, ಲೈನ್‌ಹಾರ್ಟ್, ಸ್ಟೀವರ್ಟ್ ಎಂಬ ಸಂಶೋಧಕರು 2012ರಲ್ಲಿ ಕೊಟ್ಟ ಸೂತ್ರಗಳನ್ನು ಪ್ರೋಗ್ರಾಂನ ಡಿಕ್ಕಿ ಫಂಕ್ಷನ್‌ಗೆ ಸೇರಿಸಿದ್ದೇನೆ. ಚೂರುಗಳಿಗೆ ಒಂದು ಕನಿಷ್ಠ ದ್ರವ್ಯರಾಶಿ ಇಡಲೇಬೇಕು, ಇಲ್ಲದಿದ್ದರೆ ಕಾಯಗಳ ಸಂಖ್ಯೆ ಏರಿ ಏರಿ ಲ್ಯಾಪ್‌ಟಾಪ್ ಮಲಗಿಬಿಡುತ್ತದೆ. ತಮಾಷೆ ಅಂದರೆ, ಕೊನೆಗೆ ಉಳಿಯುವ ಗ್ರಹಗಳು ಹೆಚ್ಚು ಕಮ್ಮಿ ಮೊದಲಿನ ಹಾಗೆಯೇ ಇವೆ. ಬೆಳೆಯೋಕೆ ಮಾತ್ರ ಜಾಸ್ತಿ ಕಾಲ ಹಿಡಿಯುತ್ತದೆ. ಚೇಂಬರ್ಸ್ ಎಂಬ ಸಂಶೋಧಕ 2013ರಲ್ಲಿ ಕಂಡದ್ದೂ ಇದೇ.

ಸುಮ್ನೆ ಎಷ್ಟು ಗ್ರಹ ಉಳಿಯುತ್ತವೆ ಅಂತ ನೋಡುವವರಿಗೆ ಡಿಕ್ಕಿಯಾದವನ್ನೆಲ್ಲ ಒಂದಾಗಿಸುವ ಹಳೆಯ ವಿಧಾನ ಸಾಕು. ನನಗೆ ಬುಧನ ಹಾಗೆ ಕಬ್ಬಿಣದ ಗರ್ಭವೇ ದೊಡ್ಡದಿರುವ ಗ್ರಹ ಬೇಕು, ಅಂದರೆ ಡಿಕ್ಕಿಯಲ್ಲಿ ಹೊರಗಿನ ಕಲ್ಲಿನ ಪದರ ಚೂರಾಗಿ ಹಾರಿಹೋಗಬೇಕು, ಅದಕ್ಕೆ ಚೂರುಗಳ ಲೆಕ್ಕ ಬಿಡುವ ಹಾಗಿಲ್ಲ.