‘ಮುಳುಗು’ ಒಂದೇ ಸಾಕೇ? ಬಾಯನ್ಸಿ, ಡೌನ್ ಕರೆಂಟ್‌ಗೆ ಕನ್ನಡ ಪದ ಬೇಕು

ಗೆಳೆಯರೇ,

ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಈಜುವುದು) ಕಲಿಯುವವರಿಗೆ ಒಂದು ಸುರಕ್ಷತಾ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳು ಕಾಡುತ್ತಿವೆ: ಬಾಯನ್ಸಿ (ನೀರು ವಸ್ತುವನ್ನು ಮೇಲಕ್ಕೆ ಒತ್ತುವ ಬಲ), ಡೌನ್ ಕರೆಂಟ್ (ಕೆಳಮುಖವಾಗಿ ಹರಿಯುವ ನೀರಿನ ಸೆಳವು).

ಮೊದಲನೆಯದಕ್ಕೆ ಪಠ್ಯಪುಸ್ತಕದ ‘ಪ್ಲವನತೆ’ ಇದೆ. ನನಗಂತೂ ಅದನ್ನು ಕೇಳಿದರೆ ಪಂಚಾಂಗದ ಪ್ಲವ ಸಂವತ್ಸರ ನೆನಪಾಗುತ್ತದೆ, ನೀರಲ್ಲ. ‘ತೇಲುವಿಕೆ’ ಹಿತವಾಗಿದೆ. ಆದರೆ ಮುಳುಗುವ ಕಲ್ಲಿಗೂ ಬಾಯನ್ಸಿ ಇರುತ್ತದೆ, ಅಲ್ವಾ? ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ‘ಕಲ್ಲಿನ ತೇಲುವಿಕೆ’ ಎಂದು ಬರೆಯಲು ಕೈ ಬರುವುದಿಲ್ಲ. ಹಾಗಾಗಿ ಸದ್ಯಕ್ಕೆ ‘ಮೇಲೊತ್ತು’ ಎಂದು ಇಟ್ಟುಕೊಂಡಿದ್ದೇನೆ. ಡೈವರ್ ಏರದೆ, ಇಳಿಯದೆ ನಿಲ್ಲುವ ಸ್ಥಿತಿಗೆ ಸ್ನೇಹಿತರೊಬ್ಬರು ‘ಶೂನ್ಯ ತೇಲುವಿಕೆ’ ಎಂದರು. ಅದು ತಪ್ಪು. ಅಲ್ಲಿ ಮೇಲೊತ್ತು ಸೊನ್ನೆಯಾಗಿರುವುದಿಲ್ಲ, ಡೈವರ್‌ನ ತೂಕಕ್ಕೆ ಸರಿಸಮವಾಗಿರುತ್ತದೆ. ‘ಸಮತೇಲು’ ಆದೀತೇ?

ಎರಡನೆಯದು ಇನ್ನೂ ಕಷ್ಟ. ‘ಕರೆಂಟ್’ ಅಂದರೆ ನಮ್ಮವರಿಗೆ ವಿದ್ಯುತ್ತು. ‘ಡೌನ್ ಕರೆಂಟ್’ ಅಂದರೆ ವೋಲ್ಟೇಜ್ ಕಮ್ಮಿಯಾಗಿದೆ ಅಂದುಕೊಂಡಾರು! ‘ಇಳಿತ’ ಆಗಲೇ ಉಬ್ಬರದ ಜೋಡಿಯಾಗಿಬಿಟ್ಟಿದೆ. ‘ಸುಳಿ’ ತಿರುಗಬೇಕು, ಇದು ತಿರುಗಲೇಬೇಕೆಂದಿಲ್ಲ. ಸಮುದ್ರದೊಳಗಿನ ಹವಳದ ದಿಬ್ಬದ ಅಂಚು ದಾಟಿದ ನೀರು ಗೋಡೆಯಂಥ ಇಳಿಜಾರಿನ ಗುಂಟ ಕೆಳಕ್ಕೆ ಧುಮುಕುವುದೂ ಇದೇ. ಉಸಿರಿನ ಗುಳ್ಳೆಗಳು ಮೇಲೇರುವ ಬದಲು ಕೆಳಗಿಳಿಯುವುದು ಕಂಡರೆ ಅದು ಬಂತೆಂದೇ ಲೆಕ್ಕ. ‘ಇಳಿಸೆಳವು’ ಎಂದರೆ ಹೇಗೆ?

ನಿಜವಾದ ತೊಡಕು ‘ಮುಳುಗು’ ಎಂಬ ಕ್ರಿಯಾಪದದ್ದು. ಬೇಕೆಂದು ನೀರಿಗೆ ಇಳಿದವರೂ ಮುಳುಗುತ್ತಾರೆ, ತೂಕ ಜಾಸ್ತಿಯಾದವರೂ ಮುಳುಗುತ್ತಾರೆ, ಸತ್ತವರೂ ಮುಳುಗಿ ಸತ್ತರು ಅನ್ನುತ್ತೇವೆ. ಕೈಪಿಡಿಯಲ್ಲಿ ಇವನ್ನು ಬೇರೆ ಮಾಡಲೇಬೇಕು. ಏಕೆಂದರೆ ಮಾಡಬೇಕಾದ ಕೆಲಸವೇ ಬೇರೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಡೈವರ್ ತೇಲಲು ತೊಡುವ, ಗಾಳಿ ತುಂಬುವ ಜಾಕೆಟ್ಟಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಮೈ ಬೆಚ್ಚಗಿಡುವ ರಬ್ಬರಿನ ಉಡುಪು ವೆಟ್‌ಸೂಟೂ ತೆಳ್ಳಗಾಗುತ್ತದೆ. ಇಳಿದಷ್ಟೂ ಮೇಲೊತ್ತು ಕಮ್ಮಿಯಾಗಿ ಇನ್ನೂ ಇಳಿಯುತ್ತಾರೆ. ಜಾಕೆಟ್ಟಿಗೆ ಸ್ವಲ್ಪ ಗಾಳಿ ತುಂಬಿದರೆ ಇದು ಸರಿಹೋಗುತ್ತದೆ. ಇಳಿಸೆಳವಿನಲ್ಲಿ ಹಾಗಲ್ಲ. ಸಮತೇಲಿನಲ್ಲಿ ಇದ್ದವರನ್ನೂ ನೀರೇ ಹೊತ್ತುಕೊಂಡು ಇಳಿಯುತ್ತದೆ. ಅದಕ್ಕೆ ಎದುರಾಗಿ ನೇರ ಮೇಲಕ್ಕೆ ಒದ್ದಾಡಿದರೆ ಸುಸ್ತಷ್ಟೇ. ಅಡ್ಡಕ್ಕೆ ಈಜಿ ಅದರಿಂದ ಹೊರಗೆ ಬರಬೇಕು. ಗಾಬರಿಯಲ್ಲಿ ಜಾಕೆಟ್ಟಿಗೆ ಸಿಕ್ಕಾಪಟ್ಟೆ ಗಾಳಿ ತುಂಬಿಕೊಂಡಿದ್ದರೆ, ಸೆಳವು ಬಿಟ್ಟ ಕೂಡಲೇ ಮೇಲೇರುತ್ತಾ ಆ ಗಾಳಿ ಹಿಗ್ಗಿ ಡೈವರ್‌ನನ್ನು ಬೆಂಡಿನಂತೆ ಮೇಲಕ್ಕೆ ಚಿಮ್ಮಿಸುತ್ತದೆ. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶಕ್ಕೇ ಪೆಟ್ಟು.

ಹಾಗಾಗಿ ಮೇಲೊತ್ತು ಸಾಲದೆ ಇಳಿಯುವುದಕ್ಕೆ ‘ತೂಕಕ್ಕೆ ಇಳಿಯುವುದು’, ನೀರೇ ಹೊತ್ತು ಇಳಿಸುವುದಕ್ಕೆ ‘ಸೆಳವಿಗೆ ಇಳಿಯುವುದು’ ಎಂದು ಬರೆದಿದ್ದೇನೆ. ಕಿವಿಗೆ ಸ್ವಲ್ಪ ಒರಟು, ಗೊತ್ತು. ಮೀನು ಹಿಡಿಯುವವರು, ದೋಣಿ ನಡೆಸುವವರು ಇಂಥ ಸೆಳವಿಗೆ ಏನೆನ್ನುತ್ತಾರೆ? ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ನಾನು ಹೊಸೆದ ಪದಕ್ಕಿಂತ ಅದೇ ವಾಸಿ.