ಫ್ಲ್ಯಾಟಿನ ಪಾಲು ಬಿಟ್ಟರೆ ಮಗಳನ್ನು ಕೇಳುವುದಿಲ್ಲ ಎನ್ನುತ್ತಾರೆ, ಒಪ್ಪಬಹುದೇ?

ಪ್ರಶ್ನೆ

ನಾನು ಮತ್ತು ನನ್ನ ಪತಿ ಒಂದೂವರೆ ವರ್ಷದಿಂದ ಬೇರೆಯಾಗಿ ವಾಸಿಸುತ್ತಿದ್ದೇವೆ. ಹಿಂದೂ ವಿವಾಹ ಕಾಯ್ದೆಯಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕುವ ಮಾತು ನಡೆದಿದೆ. ಏಳು ವರ್ಷದ ಮಗಳು ನನ್ನ ಬಳಿ ಇದ್ದಾಳೆ. ಫ್ಲ್ಯಾಟ್ ಇಬ್ಬರ ಹೆಸರಿನಲ್ಲಿದೆ, ಗೃಹಸಾಲಕ್ಕೂ ಇಬ್ಬರೂ ಸಹಿ ಹಾಕಿದ್ದೇವೆ. ಮೊದಲ ನಾಲ್ಕು ವರ್ಷದ ಕಂತು ಹೋದದ್ದು ನನ್ನ ಸಂಬಳದಿಂದ. ಕಳೆದ ವಾರ ಹಿರಿಯರ ಮುಂದೆ ಕುಳಿತಾಗ ನನ್ನ ಪತಿ, "ಫ್ಲ್ಯಾಟಿನ ಹಕ್ಕು ಬಿಟ್ಟುಕೊಡು, ಮಗಳನ್ನು ನಾನು ಕೇಳುವುದಿಲ್ಲ, ಇಲ್ಲವಾದರೆ ಕೋರ್ಟಿನಲ್ಲಿ ನೋಡೋಣ" ಎಂದರು. ಹಕ್ಕು ಬಿಡುಗಡೆ ಪತ್ರದ ಕರಡನ್ನು ಕೈಯಲ್ಲೇ ಹಿಡಿದು ಬಂದಿದ್ದರು. ಐದು ವರ್ಷ ದಾಟಿದ ಮಗುವಿನ ಮೇಲೆ ತಂದೆಗೇ ಹಕ್ಕು ಎಂದು ಅವರ ಕಡೆಯವರು ಹೇಳುತ್ತಾರೆ. ಸಹಿ ಹಾಕಿ ಮುಗಿಸಿಬಿಡೋಣ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ)

ಈ ರೂಪದಲ್ಲಂತೂ ಸಹಿ ಹಾಕಬೇಡಿ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 6ನೇ ಕಲಮು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆಯೇ ಹೊರತು, ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕು ಎನ್ನುವುದಿಲ್ಲ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಮಗುವಿನ ಸಹಜ ಪಾಲಕರು ತಂದೆ, ಅವರ ನಂತರ ತಾಯಿ ಎಂಬ 6ನೇ ಕಲಮಿನ ಮಾತಿನಲ್ಲಿರುವ "ನಂತರ" ಎಂದರೆ ತಂದೆಯ ಮರಣಾನಂತರ ಎಂದೇ ಅರ್ಥವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸುಪರ್ದಿಯ ಆದೇಶ, ಅಂದರೆ ಮಗು ಯಾರ ಬಳಿ ಇರಬೇಕೆಂಬ ಆದೇಶ, ಎಂದಿಗೂ ಅಂತಿಮವಲ್ಲ. ಇಂದು ಮಗಳನ್ನು ಕೇಳುವುದಿಲ್ಲ ಎಂದವರು ಎರಡು ವರ್ಷದ ಬಳಿಕ ಪರಿಸ್ಥಿತಿ ಬದಲಾಗಿದೆ ಎಂದು ಅರ್ಜಿ ಹಾಕಿದರೆ ನ್ಯಾಯಾಲಯ ಅದನ್ನು ಆಲಿಸುತ್ತದೆ. ನೀವು ನೋಂದಾಯಿಸಿಕೊಟ್ಟ ಬಿಡುಗಡೆ ಪತ್ರ ಮಾತ್ರ ಹಾಗೆ ಮರಳಿ ಬರುವುದಿಲ್ಲ. ಅಂದರೆ ನೀವು ಕೊಡುವುದು ಶಾಶ್ವತ, ಪಡೆಯುವುದು ತಾತ್ಕಾಲಿಕ.

ನಮ್ಮಲ್ಲಿ ವಿಚ್ಛೇದನವಾದೊಡನೆ ಆಸ್ತಿ ಸಮಪಾಲಾಗುವ ನಿಯಮವಿಲ್ಲದ ಕಾರಣ, ಕ್ರಯಪತ್ರದಲ್ಲಿ ನಿಮ್ಮ ಹೆಸರಿರುವುದೇ ನಿಮ್ಮ ಬಲ. ಆ ನಾಲ್ಕು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ. ಒಡವೆಗಳು ಸ್ತ್ರೀಧನ, ಅವುಗಳನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಪಾಲು ಬಿಡಲು ನೀವಾಗಿಯೇ ಒಪ್ಪಿದರೂ, ಅರ್ಜಿ ಹಾಕಿದ ಬಳಿಕ ಇಬ್ಬರೂ ನ್ಯಾಯಾಲಯದಲ್ಲಿ ಒಪ್ಪಿಗೆಯನ್ನು ಮತ್ತೆ ದೃಢಪಡಿಸುವ ಎರಡನೇ ಹಂತದ ಹೇಳಿಕೆಗೆ ಮೊದಲೇ ಪತ್ರ ನೋಂದಾಯಿಸಬೇಡಿ, ಏಕೆಂದರೆ ವಿಚ್ಛೇದನದ ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದು.

ಉತ್ತರ 2

ಸಾಲದ ಬಗ್ಗೆ ಒಂದು ಮಾತು. ನನ್ನ ರಾಜಿಪತ್ರದಲ್ಲಿ "ಉಳಿದ ಕಂತುಗಳನ್ನು ಪತಿಯೇ ಕಟ್ಟತಕ್ಕದ್ದು" ಎಂದು ಬರೆಸಿ ನಾನು ನಿಶ್ಚಿಂತಳಾಗಿದ್ದೆ. ಅವರು ಮೂರು ಕಂತು ತಪ್ಪಿಸಿದಾಗ ಬ್ಯಾಂಕಿನವರು ಫೋನ್ ಮಾಡಿದ್ದು ನನಗೆ. ರಾಜಿಪತ್ರ ನಿಮ್ಮಿಬ್ಬರ ನಡುವಿನದು, ಬ್ಯಾಂಕಿಗೆ ಅದು ಬಾಧ್ಯವಲ್ಲ. ಸಾಲಪತ್ರದಲ್ಲಿ ಸಹಿ ಇರುವವರೆಗೆ ಪೂರ್ತಿ ಬಾಕಿಗೆ ಇಬ್ಬರೂ ಹೊಣೆ. ಮನೆಯ ಹಕ್ಕು ಹೋಗಿ ಸಾಲ ಮಾತ್ರ ಹೆಸರಿನಲ್ಲಿ ಉಳಿಯುವುದಕ್ಕಿಂತ ಕೆಟ್ಟ ಸ್ಥಿತಿ ಬೇರೆ ಇಲ್ಲ. ಅವರು ಸಾಲವನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಂಡು, ನಿಮ್ಮನ್ನು ಹೊಣೆಯಿಂದ ಬಿಡಿಸಿದ ಪತ್ರವನ್ನು ಬ್ಯಾಂಕಿನಿಂದ ತಂದುಕೊಟ್ಟ ಮೇಲೆಯೇ ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಿ.

ಉತ್ತರ 3

ನಾನು ಇನ್ನೊಂದು ಕಡೆಯವನು, ಮಗನ ಸುಪರ್ದಿ ಇಲ್ಲದ ತಂದೆ. ನಿಮ್ಮ ಪತಿಯ ಮಾತು ತಪ್ಪೇ, ಆದರೂ ಅದರ ಹಿಂದೆ ಮಗಳು ದೂರವಾಗುವ ಭಯವೂ ಇರಬಹುದು. ನಮ್ಮ ಒಪ್ಪಂದದಲ್ಲಿ "ಅನುಕೂಲವಾದಾಗ ಭೇಟಿ" ಎಂದಷ್ಟೇ ಇತ್ತು. ಆ ಒಂದು ಪದಕ್ಕಾಗಿ ನಾವು ಒಂದು ವರ್ಷ ಜಗಳವಾಡಿದೆವು. ಎಷ್ಟು ಗಂಟೆಗೆ ಕರೆದುಕೊಂಡು ಹೋಗುವುದು, ಎಲ್ಲಿ ಮರಳಿ ಬಿಡುವುದು, ಬೇಸಿಗೆ ರಜೆಯ ಯಾವ ಅರ್ಧ ಯಾರಿಗೆ ಎಂದು ಈಗಲೇ ಬರೆಸಿ. ಭೇಟಿ ಸಾಧ್ಯವಾಗದ ದಿನಗಳಿಗೆ ವಿಡಿಯೊ ಕರೆಯನ್ನೂ ಸೇರಿಸಿ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ಹೇಳಿದೆ. ನನ್ನ ಮಗ ಎಷ್ಟೋ ದಿನ ಹಲ್ಲುಜ್ಜುವ ಬ್ರಷ್ಷನ್ನು ಶಾಲೆಯ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ, ಆ ರಾತ್ರಿ ಯಾವ ಮನೆ ಎಂಬುದು ಅವನಿಗೆ ಸಂಜೆಯವರೆಗೂ ತಿಳಿಯುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನನ್ನ ಪಾಲನ್ನು ಅವರಿಗೆ ಕೊಡುವ ಬದಲು ಮಗಳ ಹೆಸರಿಗೆ ಮಾಡಿದರೆ ಹೇಗೆ? ಆಗ ಅವಳ ಖರ್ಚು ಕೊಡಬೇಕಾಗಿಲ್ಲ ಎಂದು ಅವರು ವಾದಿಸಬಹುದೇ?

ಉತ್ತರ 1

ವಾದಿಸಬಹುದು, ಆದರೆ ಆಸ್ತಿ ಇದ್ದ ಮಾತ್ರಕ್ಕೆ ತಂದೆಯ ಹೊಣೆ ತಪ್ಪುವುದಿಲ್ಲ. ಜೀವನಾಂಶ ಮಗಳ ಸ್ವಂತ ಹಕ್ಕು, ಅದನ್ನು ನೀವಿಬ್ಬರು ಸೇರಿ ಬಿಟ್ಟುಕೊಡಲಾಗದು. ಅಡಮಾನದಲ್ಲಿರುವ ಮನೆಯಾದ್ದರಿಂದ ಬ್ಯಾಂಕಿನ ಒಪ್ಪಿಗೆ ಮೊದಲು ಬೇಕು. ಅಪ್ರಾಪ್ತರ ಹೆಸರಿಗೆ ಹೋದ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಗ ಅವಳು ಹದಿನೆಂಟು ತುಂಬುವವರೆಗೆ ಆ ಮನೆ ನಿಮ್ಮಿಬ್ಬರನ್ನೂ ಕಟ್ಟಿಹಾಕುತ್ತದೆ. ಮಾರಿ, ಸಾಲ ತೀರಿಸಿ, ಉಳಿದ ಹಣ ಹಂಚಿಕೊಳ್ಳುವ ಪ್ರಸ್ತಾಪವನ್ನು ಮಧ್ಯಸ್ಥಿಕೆಯಲ್ಲಿ ಮೊದಲು ನೀವೇ ಇಡಿ. ಆ ಕರಡನ್ನು ನಿಮ್ಮ ವಕೀಲರಿಗೆ ತೋರಿಸುವವರೆಗೆ ಅವರಿಗೆ ಮರಳಿಸಬೇಡಿ.